ಹಿಮದ ಬೈಕಿಗೆ ಎಷ್ಟಾಗುತ್ತದೆ ಅಂತ ಕೇಳಿದ ಹುಡುಗನಿಗೆ

ಮೊನ್ನೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ, ಕೆನಡಾದಲ್ಲಿರುವ ನನ್ನನ್ನು ನೀವು ಕೇಳಿದ್ದು ಇಷ್ಟು: ‘ಜನವರಿಯಲ್ಲಿ ಕೆನಡಾದ ಕ್ಯಾಲ್ಗರಿಗೆ ಹೋಗ್ತಿದೀನಿ. ಇಲ್ಲಿ ಎಕ್ಸ್‌ಪಲ್ಸ್ ಓಡಿಸ್ತೀನಿ. ಅಲ್ಲಿ ಒಂದು ಡರ್ಟ್ ಬೈಕ್ ತಗೊಂಡು, ಚಳಿಗಾಲದಲ್ಲಿ ಅದನ್ನೇ ಹಿಮದ ಮೇಲೆ ಓಡೋ ಹಾಗೆ ಮಾಡಿಸಿದರೆ ಎಷ್ಟಾಗುತ್ತೆ? ಹಾಗೇ, ಅಲ್ಲಿನ ಜೀವನ ಹೇಗೆ?’ ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆದು ಕಳಿಸುತ್ತೇನೆ ಅಂದೆ.

ಜೀವನದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಚೆನ್ನಾಗಿದೆ. ಜಾಕೆಟ್ಟು, ಬೂಟು ಎಲ್ಲ ಅಲ್ಲೇ ಕೊಳ್ಳಿ. ಚಿಕ್ಕಪೇಟೆಯ ಸ್ವೆಟರ್ ಅಲ್ಲಿ ಮನೆಯೊಳಗೆ ಹಾಕಿಕೊಳ್ಳೋಕೆ ಸರಿ. ಸಾರಿನ ಪುಡಿ ಎಷ್ಟು ಒಯ್ಯಬೇಕು ಅಂತ ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ. ಹೊರಡುವ ಮೊದಲು ಆರ್‌ಟಿಒ ಕಚೇರಿಯಿಂದ ಲೈಸೆನ್ಸಿನ ಎಕ್ಸ್‌ಟ್ರಾಕ್ಟ್ ತೆಗೆಸಿಕೊಳ್ಳಿ, ಕಾರಿನ ವಿಮೆ ಮಾತಾಡುವಾಗ ಕೈಗೆ ಬರುತ್ತದೆ. ಮನೆ ಹುಡುಕುವಾಗ ಗ್ಯಾರೇಜ್ ಇರುವುದನ್ನೇ ನೋಡಿ, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಮೈನಸ್ 25ರಲ್ಲಿ ಹೊರಗೆ ನಿಂತು ಬರಿಗೈಯಲ್ಲಿ ಸ್ಪ್ಯಾನರ್ ಹಿಡಿಯೋಕೆ ಆಗೋದಿಲ್ಲ.

ಇನ್ನು ಬೈಕ್. ‘ಮಾಡಿಸಿದರೆ’ ಅಂತ ನೀವು ಕೇಳಿದಾಗ ನನಗೆ ಜೆ.ಸಿ. ರಸ್ತೆ ನೆನಪಾಯಿತು. ಅಲ್ಲಿ ವೆಲ್ಡಿಂಗ್ ಮಾಡಿಸಿ, ಲೇತ್‌ಗೆ ಕೊಟ್ಟು, ಏನು ಬೇಕಾದರೂ ಮಾಡಿಸಬಹುದು. ಆದರೆ ಇದಕ್ಕೆ ರೆಡಿ ಕಿಟ್ ಬರುತ್ತದೆ. ಹಿಂದಿನ ಚಕ್ರ, ಸ್ವಿಂಗ್‌ಆರ್ಮ್, ಶಾಕ್ ಅಬ್ಸಾರ್ಬರ್ ಮೂರನ್ನೂ ಬಿಚ್ಚಿ, ಆ ಜಾಗದಲ್ಲಿ ರಬ್ಬರ್ ಟ್ರ್ಯಾಕ್, ಅಂದರೆ ಸುತ್ತುತ್ತಲೇ ಇರುವ ಅಗಲದ ಪಟ್ಟಿ, ಇರುವ ಚೌಕಟ್ಟು ಕೂರಿಸಬೇಕು. ಮುಂದಿನ ಚಕ್ರ ತೆಗೆದು ಫೋರ್ಕಿಗೆ ಹಿಮದ ಮೇಲೆ ಜಾರುವ ಒಂದು ಅಗಲದ ಹಲಗೆ, ಸ್ಕೀ, ಹಾಕಬೇಕು. ಎಂಜಿನ್ನಿನ ಚೈನು ಜ್ಯಾಕ್‌ಶಾಫ್ಟ್ ಅನ್ನುವ ನಡುವಿನ ಒಂದು ದಂಡವನ್ನು ತಿರುಗಿಸುತ್ತದೆ, ಅಲ್ಲಿಂದ ಇನ್ನೊಂದು ಚೈನು ಟ್ರ್ಯಾಕ್ ಓಡಿಸುತ್ತದೆ. ಬೇಸಿಗೆ ಬಂದಾಗ ಎಲ್ಲ ಬಿಚ್ಚಿ ಚಕ್ರ ಹಾಕಿದರೆ ಮತ್ತೆ ಡರ್ಟ್ ಬೈಕ್. ಟಿಂಬರ್‌ಸ್ಲೆಡ್ ಅನ್ನುವ ಹೆಸರು ಜಾಸ್ತಿ ಕೇಳುತ್ತೀರಿ. ಅಮೆರಿಕದ ಐಡಾಹೊದಲ್ಲಿ ಶುರುವಾದದ್ದು, 2015ರಲ್ಲಿ ಪೊಲಾರಿಸ್ ಕಂಪನಿ ಅದನ್ನು ಕೊಂಡುಕೊಂಡಿತು. ಕೆನಡಾದ್ದೇ ಆದ ಯೇಟಿ ಕೂಡ ಇದೆ, ಹಗುರ, ಬೆಲೆ ಜಾಸ್ತಿ.

ಹೊಸ ಕಿಟ್‌ಗೆ 7,000ದಿಂದ 9,000 ಕೆನಡಾ ಡಾಲರ್ ಇಟ್ಟುಕೊಳ್ಳಿ. ಒಂದು ಡಾಲರಿಗೆ 60 ರೂಪಾಯಿಗೂ ಮೇಲೆ ಅಲ್ವಾ, ಹಾಗಾಗಿ ಬರೀ ಕಿಟ್‌ಗೇ ಸುಮಾರು 5 ಲಕ್ಷ. ಆ ದುಡ್ಡಿಗೆ ಇಲ್ಲಿ ಮೂರು ಎಕ್ಸ್‌ಪಲ್ಸ್ ಬರುತ್ತವೆ. ಸೆಕೆಂಡ್ ಹ್ಯಾಂಡ್ ಕಿಟ್ 3,000ದಿಂದ 5,000ಕ್ಕೆ ಸಿಗುತ್ತದೆ. ಮೊದಲ ವರ್ಷಕ್ಕೆ ಅದೇ ಸಾಕು ಅಂತ ನನ್ನ ಅಭಿಪ್ರಾಯ. ಕಿಟ್ ಜೊತೆಗೆ, ಅದನ್ನು ಬೈಕಿಗೆ ಕೂರಿಸುವ ಭಾಗಗಳನ್ನು ಫಿಟ್ ಕಿಟ್ ಅಂತ ಬೇರೆ ಕೊಳ್ಳಬೇಕು, 500ರಿಂದ 800 ಡಾಲರ್. ಅದು ಒಂದೊಂದು ಬೈಕಿನ ಮಾಡೆಲ್‌ಗೆ ಒಂದೊಂದು ಥರ. ಇವತ್ತು ಕೆಟಿಎಂಗೆ ತಗೊಂಡದ್ದು ನಾಳೆ ಯಮಹಾಗೆ ಕೂರುವುದಿಲ್ಲ. ಅದಕ್ಕೇ ಬೈಕನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕಿಟ್. ಬೈಕು 450 ಸಿಸಿ ಇರಲಿ. 250 ಫೋರ್‌ಸ್ಟ್ರೋಕ್ ಆದರೆ ಆಳವಾದ ಹಿಮದಲ್ಲಿ ಟ್ರ್ಯಾಕ್ ಎಳೆಯೋಕೆ ಏದುಸಿರು ಬಿಡುತ್ತದೆ. ಹಳೆಯ 450ಗೆ 5,000ದಿಂದ 8,000.

ಟ್ರ್ಯಾಕ್ ಉದ್ದ 120 ಇಂಚಿನಿಂದ 137 ಇಂಚಿನವರೆಗೆ ಬರುತ್ತದೆ. ಉದ್ದ ಇದ್ದಷ್ಟೂ ಪುಡಿ ಹಿಮದಲ್ಲಿ ಮುಳುಗುವುದು ಕಮ್ಮಿ, ಚಿಕ್ಕದಾದರೆ ಮರಗಳ ನಡುವೆ ತಿರುಗಿಸೋಕೆ ಸಲೀಸು. ನೀವು ತೆಳ್ಳಗಿದ್ದೀರಿ, 120 ನಡೆಯುತ್ತದೆ.

ಇಷ್ಟಕ್ಕೇ ಲೆಕ್ಕ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ನಾವು ಎಂಜಿನ್ ಬಿಸಿ ಆಗದ ಹಾಗೆ ನೋಡಿಕೊಳ್ಳುತ್ತೇವೆ. ಅಲ್ಲಿ ಎಂಜಿನ್ ಬಿಸಿ ಏರುವುದೇ ಇಲ್ಲ. ರೇಡಿಯೇಟರ್ ಮೇಲೆ ಹಿಮ ಹೊಡೆಯುತ್ತಲೇ ಇರುತ್ತದೆ. ಹಾಗೇ ಓಡಿಸಿದರೆ ಒಳಗೆ ನೀರಿನ ಪಸೆ ಸೇರಿ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ. ಆದ್ದರಿಂದ ಕೂಲಂಟ್ ಪೈಪಿಗೆ ಥರ್ಮೋಸ್ಟಾಟ್ ಹಾಕಬೇಕು, ರೇಡಿಯೇಟರ್ ಮುಚ್ಚಬೇಕು, ಎಂಜಿನ್ನಿಗೆ ಹೊದಿಕೆ ಹಾಕಬೇಕು. ಗಾಳಿ ಎಳೆಯುವ ಜಾಗಕ್ಕೂ ಹಿಮ ನುಗ್ಗುತ್ತದೆ, ಫೋಮ್ ಫಿಲ್ಟರ್ ಕಲ್ಲಾಗಿಬಿಡುತ್ತದೆ. ಧೂಳು ಇಲ್ಲದ ಕಾರಣ ಜಾಲರಿ ಫಿಲ್ಟರ್ ಹಾಕುತ್ತಾರೆ. ಟ್ಯಾಂಕು ಆರೇಳು ಲೀಟರಿನದು, ಹಿಮದಲ್ಲಿ ಬೇಗ ಖಾಲಿ. ಇನ್ನೊಂದು ಚಿಕ್ಕ ಟ್ಯಾಂಕ್ ಬೇಕೇ ಬೇಕು. ಹೀಟೆಡ್ ಗ್ರಿಪ್ ಹಾಕಿಸಿ, ಯೋಚನೆ ಮಾಡಬೇಡಿ. ಇದೆಲ್ಲ ಸೇರಿ 600ರಿಂದ 1,000 ಡಾಲರ್. ಹೆಲ್ಮೆಟ್, ಬೂಟು, ಮೈ ಮುಚ್ಚುವ ಸೂಟು ಬೇರೆ, ಅದಕ್ಕೆ 1,500.

ಜೋಡಿಸುವ ಕೂಲಿ ಕೊಡಬೇಡಿ. ಅಂಗಡಿಗಳಲ್ಲಿ ಗಂಟೆಗೆ 120 ಡಾಲರ್ ಮೇಲೆ ಕೇಳುತ್ತಾರೆ. ನೀವೇ ಮಾಡಿ. ಮೊದಲ ಸಲ ಒಂದು ಇಡೀ ದಿನ ಹಿಡಿಯುತ್ತದೆ, ಆಮೇಲೆ ಎರಡು ಮೂರು ಗಂಟೆ. ಇಲ್ಲಿ ಮೆಕ್ಯಾನಿಕ್ ಪಕ್ಕ ಕೂತು ಟೀ ಕುಡಿಯುತ್ತ ನೋಡಿ ಕಲಿತದ್ದೆಲ್ಲ ಅಲ್ಲಿ ಚಿನ್ನ. ನನ್ನ ಜೊತೆ ಬೆಟ್ಟಕ್ಕೆ ಬರುವವರು ಹುಟ್ಟಿದಾಗಿನಿಂದ ಹಿಮ ನೋಡಿದವರು. ಆದರೆ ಚೈನ್ ತುಂಡಾದಾಗ, ಥ್ರಾಟಲ್ ಕೇಬಲ್ ಹಿಡಿದುಕೊಂಡಾಗ ಅವರು ಕೂಗುವುದು ನನ್ನನ್ನೇ. ಯಮಹಾ ಆರ್‌ಎಕ್ಸ್ 100 ಬಿಚ್ಚಿ ಜೋಡಿಸಿದ ಕೈ ಇದು ಅಂತ ಅವರಿಗೆ ಹೇಳಿದ್ದೇನೆ. ನೀವೂ ಕೋಲಾರದ ಹತ್ತಿರದ ಬಿಗ್‌ರಾಕ್ ಅನ್ನುವ ಡರ್ಟ್ ಬೈಕ್ ಪಾರ್ಕಿನಲ್ಲಿ ಓಡಿಸಿದವರು. ಅದನ್ನು ಕಟ್ಟಿದ ನಮ್ಮ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿಯ ಡಾಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ. ಬೆಂಗಳೂರಿನವರಿಗೆ ಮಣ್ಣಿನ ಮೇಲೆ ಓಡಿಸೋಕೆ ಬರುತ್ತದೆ ಅಂತ ಅಲ್ಲಿ ಧೈರ್ಯವಾಗಿ ಹೇಳಿಕೊಳ್ಳಿ. ಹಿಮ ಹೊಸದಾಗಿ ಕಲಿಯಬೇಕು. ಥ್ರಾಟಲ್ ಬಿಟ್ಟರೆ ಮುಳುಗುತ್ತೀರಿ, ಬ್ರೇಕ್ ನೆನಪೇ ಆಗಬಾರದು.

ನಾನು ಮೊದಲು ಇಂಥ ಬೈಕ್ ನೋಡಿದ್ದು ಕೆನಡಾಕ್ಕೆ ಬಂದ ಹೊಸದರಲ್ಲಿ. ಫೆಬ್ರುವರಿ ತಿಂಗಳು, ಮೈನಸ್ 28. ಆಫೀಸಿನವರು ಯಾರೋ ಬ್ಯಾನ್ಫ್ ತೋರಿಸೋಕೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯ ಪೆಟ್ರೋಲ್ ಬಂಕಿನಲ್ಲಿ ಒಂದು ಪಿಕಪ್ ನಿಂತಿತ್ತು, ಅದರ ಮೇಲೆ ಚಕ್ರ ಇಲ್ಲದ ಬೈಕ್. ಕಾರಿನಿಂದ ಇಳಿದು ಹತ್ತಿರ ಹೋದೆ. ಫೂಟ್‌ಪೆಗ್ ಮೇಲೆ, ಗೇರ್ ಲಿವರ್ ಮೇಲೆ ಬೆರಳಿನಷ್ಟು ದಪ್ಪ ಮಂಜುಗಡ್ಡೆ. ಸೈಲೆನ್ಸರಿನ ಬುಡದಲ್ಲಿ ಮಾತ್ರ ಕರಗಿ, ತೊಟ್ಟಿಕ್ಕಿ, ಮತ್ತೆ ಗಟ್ಟಿಯಾಗಿತ್ತು. ಬಂದಾಗಿನಿಂದ ಆ ಊರಿನಲ್ಲಿ ನನಗೆ ಪರಿಚಯ ಇರುವಂಥ ವಸ್ತು ಒಂದೂ ಕಂಡಿರಲಿಲ್ಲ. ಇದು ಬೈಕು. ಇದು ನನಗೆ ಗೊತ್ತು ಅನ್ನಿಸಿತು.

ಎಲ್ಲಿ ಓಡಿಸೋದು? ಬ್ಯಾನ್ಫ್, ಯೋಹೊ, ಗ್ಲೇಸಿಯರ್ ಮೂರೂ ರಾಷ್ಟ್ರೀಯ ಉದ್ಯಾನಗಳು, ಅಲ್ಲಿ ಇಳಿಸುವ ಹಾಗೇ ಇಲ್ಲ. ಅವನ್ನು ಬಿಟ್ಟು ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಗೋಲ್ಡನ್, ರೆವೆಲ್‌ಸ್ಟೋಕ್ ಕಡೆ ಹೋಗಬೇಕು. ಕ್ಯಾಲ್ಗರಿಯಿಂದ ರೆವೆಲ್‌ಸ್ಟೋಕ್ ಸುಮಾರು 400 ಕಿಲೋಮೀಟರ್. ಚಳಿಗಾಲದ ಟೈರ್ ಕಡ್ಡಾಯ. ನಡುವೆ ರೋಜರ್ಸ್ ಪಾಸ್ ಅನ್ನುವ ಬೆಟ್ಟದ ದಾರಿಯಲ್ಲಿ ಹಿಮ ಜಾಸ್ತಿ ಕೂತಾಗ ರಸ್ತೆ ಮುಚ್ಚಿ, ಸೈನ್ಯದವರು ಫಿರಂಗಿಯಿಂದ ಗುಂಡು ಹೊಡೆದು ಅದನ್ನು ಮೊದಲೇ ಬೀಳಿಸುತ್ತಾರೆ. ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಊಟ ಕಟ್ಟಿಕೊಂಡು ಹೋಗಿ. ಕ್ಯಾರಿಬೂ ಜಿಂಕೆಗಳಿಗೆ ಅಂತ ಮುಚ್ಚಿದ ಬೆಟ್ಟಗಳೂ ಇವೆ, ನಕ್ಷೆ ನೋಡದೆ ಹೋಗಬೇಡಿ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಸರ್ಕಾರಿ ಜಾಗದಲ್ಲಿ ಓಡಿಸೋಕೂ ನೋಂದಣಿ, ನಂಬರ್ ಪ್ಲೇಟ್, ವಿಮೆ ಬೇಕು.

ಹಿಮ ಜಾರುವ ಮಾತನ್ನು ಗಟ್ಟಿಯಾಗಿ ಹೇಳಬೇಕು. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಹತ್ತಿರದ ಬೌಲ್ಡರ್ ಬೆಟ್ಟದಲ್ಲಿ ಸ್ನೋಮೊಬೈಲ್ ಅನ್ನುವ ಹಿಮದ ಗಾಡಿ ನೋಡಲು, ಓಡಿಸಲು ಜನ ಸೇರಿದ್ದಾಗ ಬೆಟ್ಟದ ಹಿಮ ಕುಸಿದು ಮೇಲೆ ಬಿತ್ತು. ಇಬ್ಬರು ಸತ್ತರು, ಹತ್ತಾರು ಜನಕ್ಕೆ ಪೆಟ್ಟಾಯಿತು. ಅಷ್ಟು ಜನ ಇದ್ದ ಜಾಗದಲ್ಲೇ ಹಾಗೆ. ಹೂತುಹೋದವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹಳಷ್ಟು ಜನ ಉಳಿಯುತ್ತಾರೆ, ಅಲ್ಲಿಂದ ಆಚೆ ಒಂದೊಂದು ನಿಮಿಷವೂ ಭಾರ. ಪೊಲೀಸು, ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ಪಕ್ಕದಲ್ಲಿರುವವನೇ ಅಗೆಯಬೇಕು. ಆದ್ದರಿಂದ ಹೂತವರು ಎಲ್ಲಿದ್ದಾರೆ ಅಂತ ತೋರಿಸುವ 457 ಕಿಲೋಹರ್ಟ್ಸ್ ರೇಡಿಯೊ ಟ್ರಾನ್ಸ್‌ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದದ ಪ್ರೋಬ್ ಕಡ್ಡಿ, ಸಲಿಕೆ ಮೂರೂ ಎಲ್ಲರ ಮೈಮೇಲೆ ಇರಬೇಕು. ಸುಮಾರು 600 ಡಾಲರ್. ಎಎಸ್‌ಟಿ 1 ಅನ್ನುವ ಎರಡು ದಿನದ ಹಿಮಕುಸಿತದ ತರಬೇತಿಗೆ 300ರ ಆಸುಪಾಸು. ಏರ್‌ಬ್ಯಾಗ್ ಇರುವ ಬ್ಯಾಗಿಗೆ ಸಾವಿರದ ಮೇಲೆ. ಬೆಟ್ಟದ ಬುಡದಲ್ಲಿ ಒಂದು ಫಲಕ ಇರುತ್ತದೆ. ಒಬ್ಬೊಬ್ಬರಾಗಿ ಅದರ ಮುಂದೆ ಹಾದು ಹೋದರೆ ನಿಮ್ಮ ಟ್ರಾನ್ಸ್‌ಸೀವರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ತೋರಿಸುತ್ತದೆ. ಮೊಬೈಲನ್ನು ಅದೇ ಜೇಬಿನಲ್ಲಿ ಇಡಬೇಡಿ, ಸಿಗ್ನಲ್ ಕೆಡುತ್ತದೆ. ಅವಲಾಂಚ್ ಕೆನಡಾದವರು ದಿನಾ ಅಪಾಯದ ಮಟ್ಟ ಹೇಳುತ್ತಾರೆ, 1ರಿಂದ 5. ಮೂರು ಅಥವಾ ಅದಕ್ಕೂ ಮೇಲೆ ಅಂದ ದಿನ ನಾನು ಕಡಿದಾದ ಇಳಿಜಾರಿಗೆ ಹೋಗುವುದಿಲ್ಲ. ಇಲ್ಲಿ ನಂದಿ ದಾರಿಯಲ್ಲಿ ಬಿದ್ದರೆ ಐದು ನಿಮಿಷದಲ್ಲಿ ಹತ್ತು ಜನ ಎತ್ತುತ್ತಾರೆ, ನೀರು ಕೊಡುತ್ತಾರೆ. ಆ ನಂಬಿಕೆಯಲ್ಲಿ ಅಲ್ಲಿ ಒಬ್ಬರೇ ಹೋಗಬೇಡಿ. ದಯವಿಟ್ಟು.

ಒಟ್ಟು ಕೇಳಿದರೆ, ಎಲ್ಲ ಹಳೆಯದು ಕೊಂಡರೂ ಮೊದಲ ವರ್ಷ 14,000 ಡಾಲರ್ ಹತ್ತಿರ, ಅಂದರೆ ಎಂಟೂವರೆ ಲಕ್ಷ. ಪಿಕಪ್ ಅಥವಾ ಟ್ರೇಲರ್ ಇದರಲ್ಲಿ ಸೇರಿಲ್ಲ.

ಇನ್ನೊಂದು ಖರ್ಚು ಇದೆ. ನಿಜ ಹೇಳಬೇಕೆಂದರೆ ಇಷ್ಟು ಉದ್ದ ಬರೆಯಲು ಕೂತದ್ದೇ ಅದಕ್ಕೆ. ರಜೆ.

ಆಲ್ಬರ್ಟಾದ ಕಾನೂನಿನಲ್ಲಿ ಮೊದಲ ಐದು ವರ್ಷ ವರ್ಷಕ್ಕೆ ಎರಡು ವಾರ ರಜೆ, ಆಮೇಲೆ ಮೂರು. ಹಿಮ ಒಳ್ಳೆಯದಿರುವುದು ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ. ಬೆಂಗಳೂರಿಗೆ ಬರಬೇಕಾದ ಕಾಲವೂ ಅದೇ ಅಲ್ವಾ? ಕಡಲೆಕಾಯಿ ಪರಿಷೆ ಮುಗಿದು ಅವರೆಕಾಯಿ ಬಂದಿರುತ್ತದೆ, ಸಂಕ್ರಾಂತಿ, ಮದುವೆಗಳು. ಕಿಟ್‌ಗೆ ಅಷ್ಟು ದುಡ್ಡು ಹಾಕಿದ ಮೇಲೆ ಗ್ಯಾರೇಜಿನಲ್ಲಿ ಸುಮ್ನೆ ಬಿಡೋಕೆ ಮನಸ್ಸು ಬರುವುದಿಲ್ಲ. ಅದರ ಮೇಲೆ ಡಿಸೆಂಬರ್ ಟಿಕೆಟ್ ವರ್ಷದಲ್ಲೇ ಅತಿ ದುಬಾರಿ. ಹಾಗಾಗಿ ನನ್ನ ಒಂದೊಂದೇ ಚಳಿಗಾಲ ಬೆಟ್ಟಕ್ಕೆ ಹೋಯಿತು. ಬೇಸಿಗೆಯಲ್ಲಿ ಬರುತ್ತೇನೆ ಅಂತ ಅಪ್ಪನಿಗೆ ಹೇಳುತ್ತಿದ್ದೆ, ಬೇಸಿಗೆಯಲ್ಲಿ ಆಫೀಸಿನ ಕೆಲಸ.

ನಮ್ಮ ಮನೆ ಹನುಮಂತನಗರದಲ್ಲಿತ್ತು. ಕೆಂಪು ನೆಲದ ಹಳೆ ಮನೆ. ವರಾಂಡದಲ್ಲೇ ನಾನು ಆರ್‌ಎಕ್ಸ್ 100 ಎಂಜಿನ್ ಮೊದಲ ಸಲ ಬಿಚ್ಚಿದ್ದು. ಆಯಿಲ್ ಚೆಲ್ಲಿ ಕಂಬದ ಪಕ್ಕ ತಟ್ಟೆಯಷ್ಟು ಅಗಲ ಕಪ್ಪು ಕಲೆ ಕೂತಿತು. ಅಮ್ಮ ಸೀಮೆಎಣ್ಣೆ ಹಾಕಿ ಉಜ್ಜಿದರು, ಸೋಪಿನ ಪುಡಿ ಹಾಕಿ ಉಜ್ಜಿದರು, ಹೋಗಲಿಲ್ಲ. ಕೊನೆಗೆ ಅದರ ಮೇಲೆ ತುಳಸಿ ಕುಂಡ ಇಟ್ಟರು. ಆಮೇಲೆ ಮನೆ ಬಿಲ್ಡರಿಗೆ ಕೊಡುವ ಮಾತು ಬಂತು. ಎಲ್ಲರೂ ಕೂತು ಮಾತಾಡಿಯೇ ಒಪ್ಪಿದ್ದು, ನಾನೂ ಫೋನಿನಲ್ಲಿ ಹೂಂ ಅಂದಿದ್ದೆ. ಫೆಬ್ರುವರಿಯಲ್ಲಿ ಕೆಡವುತ್ತಾರೆ ಅಂತ ದಿನ ಗೊತ್ತಾದಾಗ ನನ್ನ ರಜೆ ರೆವೆಲ್‌ಸ್ಟೋಕಿನಲ್ಲಿ ಮುಗಿದಿತ್ತು. ತಮ್ಮ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದ. ಜೆಸಿಬಿ ಮೊದಲು ಕೈ ಹಾಕಿದ್ದು ವರಾಂಡಕ್ಕೇ. ತುಳಸಿ ಕುಂಡ ಅಷ್ಟರಲ್ಲಿ ಎತ್ತಿಟ್ಟಿದ್ದರು, ಕಲೆ ಹಾಗೇ ಇತ್ತು. ಈಗ ಅದೇ ಸೈಟಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಟೈಲ್ಸ್ ನೆಲ, ಒಳ್ಳೆ ಗಾಳಿ ಬರುತ್ತದೆ, ಅಪ್ಪ ಅಮ್ಮ ಖುಷಿಯಾಗಿದ್ದಾರೆ. ನನಗೆ ಆ ಮನೆಯಲ್ಲಿ ಕೊನೆಯದಾಗಿ ಒಂದು ರಾತ್ರಿ ಮಲಗೋಕೆ ಆಗಲಿಲ್ಲ. ಇದು ನನ್ನೊಳಗೆ ಇನ್ನೂ ಇಳಿದಿಲ್ಲ.

ಬೈಕ್ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಯಾರೂ ತುಳಿಯದ ಹಿಮದಲ್ಲಿ ಮೊದಲ ಗೆರೆ ನಿಮ್ಮದಾದಾಗ ಆಗುವ ಸಂತೋಷ ದೊಡ್ಡದು, ನಾನು ಅದನ್ನು ಬಿಡುವವನಲ್ಲ. ಈಗ ಒಂದು ಚಳಿಗಾಲ ಅಲ್ಲಿ, ಒಂದು ಚಳಿಗಾಲ ಇಲ್ಲಿ ಅಂತ ಮಾಡಿಕೊಂಡಿದ್ದೇನೆ. ನೀವು ಮೊದಲ ವರ್ಷದಿಂದಲೇ ಹಾಗೆ ಮಾಡಿಕೊಳ್ಳಿ. ಕಿಟ್‌ಗೆ ಅಡ್ವಾನ್ಸ್ ಕೊಡುವ ಮೊದಲು ಬೆಂಗಳೂರಿನ ಟಿಕೆಟ್ ದುಡ್ಡನ್ನು ಬೇರೆ ಖಾತೆಯಲ್ಲಿ ಹಾಕಿಡಿ.

ಜನವರಿಯಲ್ಲಿ ಹೋಗಿ ತಕ್ಷಣ ಕಿಟ್ ಕೊಳ್ಳಬೇಡಿ. ಏಪ್ರಿಲ್, ಮೇನಲ್ಲಿ ಹಿಮ ಕರಗಿದ ಮೇಲೆ ಜನ ಮಾರುತ್ತಾರೆ, ಆಗ ಬೆಲೆ ಇಳಿದಿರುತ್ತದೆ. ನೋಡಲು ಹೋದಾಗ ಟ್ರ್ಯಾಕಿನ ಒಳಗಿನ ಹಲ್ಲುಗಳು ಮುರಿದಿವೆಯೋ, ಸುರಂಗದ ಹಾಗಿರುವ ಅಲ್ಯೂಮಿನಿಯಂ ಭಾಗದಲ್ಲಿ ಬಿರುಕು ಇದೆಯೋ, ಜ್ಯಾಕ್‌ಶಾಫ್ಟಿನ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಕರಕರ ಅನ್ನುತ್ತದೆಯೋ ನೋಡಿ. ಸ್ಕೀ ಕೆಳಗಿನ ಕಬ್ಬಿಣದ ಪಟ್ಟಿ ಸವೆದಿದ್ದರೆ ಚೌಕಾಸಿ ಮಾಡಿ, ಅದು ಸುಲಭವಾಗಿ ಬದಲಾಯಿಸುವಂಥದ್ದು. ಬೈಕ್ ಗೊತ್ತಾದ ದಿನ ಅದರ ವರ್ಷ, ಮಾಡೆಲ್ ಬರೆದು ಕಳಿಸಿ. ಯಾವ ಫಿಟ್ ಕಿಟ್ ಅಂತ ನಾನು ನೋಡಿ ಹೇಳುತ್ತೇನೆ. ಜೋಡಿಸುವ ದಿನ ನನ್ನ ಗ್ಯಾರೇಜಿಗೇ ತನ್ನಿ, ಬೇಕಾದ ಸ್ಪ್ಯಾನರ್ ಎಲ್ಲ ಇವೆ.