ಗುಂಡು ಚೆದುರುತ್ತಿದ್ದರೆ ಮೊದಲು ಕಾಗದದ ತೂತು ನೋಡಿ

ಪ್ರಶ್ನೆ: ಹೋದ ವರ್ಷ ನೆಂಟರೊಬ್ಬರಿಂದ ಹಳೆಯ ಪಾಯಿಂಟ್ ಟೂ ಟೂ (0.22 ಇಂಚು ಬಾಯಿಯ) ಬೋಲ್ಟ್ ರೈಫಲ್ ಕೊಂಡೆ. ಹಿಂದೆ ಬೇಟೆಗೆ ಬಳಸುತ್ತಿದ್ದ ಕೋವಿ. ದಾಖಲೆ ಎಲ್ಲ ಸರಿ ಇದೆ. ಆದರೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ಒಂದು ತೆಂಗಿನಕಾಯಿಗೂ ಗುಂಡು ತಾಗಲಿಲ್ಲ. 50 ಮೀಟರ್ ದೂರದ ಕಾಗದಕ್ಕೆ ಹೊಡೆದರೆ ಐದು ಗುಂಡು ಒಂದು ಗೇಣು ಹರಡುತ್ತವೆ. ಬ್ಯಾರೆಲ್ ಹೋಗಿದೆ, ತುದಿ ಎರಡಿಂಚು ಕತ್ತರಿಸು ಅನ್ನುತ್ತಾರೆ. ಏನು ಮಾಡಲಿ?
– ಓದುಗ, ವಿರಾಜಪೇಟೆ

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಅನುಮತಿ ಇಲ್ಲದೆ ಬ್ಯಾರೆಲ್ ಗಿಡ್ಡ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, ಕತ್ತರಿಸುವುದಕ್ಕಲ್ಲ.

ಮೊದಲು ಹೊಡೆದ ಕಾಗದ ತೆಗೆದು ನೋಡಿ. ತೂತುಗಳು ದುಂಡಗಿವೆಯೋ, ಉದ್ದಕ್ಕೆ ಸೀಳಿದಂತಿವೆಯೋ? ಉದ್ದಕ್ಕಿದ್ದರೆ ಗುಂಡು ಹಾರುವಾಗಲೇ ವಾಲಾಡುತ್ತಿದೆ, ಬ್ಯಾರೆಲ್ ಮೇಲೆ ಅನುಮಾನ ಪಡಬಹುದು. ದುಂಡಗಿದ್ದರೆ ಅವಸರ ಬೇಡ. ಹಿಡಿಯ ಮರದ ಕೆಳಗಿನ ಸ್ಕ್ರೂ, ಗುರಿ ನೋಡುವ ಕಟ್ಟಿನ ಸ್ಕ್ರೂ ಬಿಗಿ ಇವೆಯಾ ನೋಡಿ. ನಮ್ಮ ಮಳೆಗೆ ಮರ ಊದಿ, ಬೇಸಿಗೆಗೆ ಒಣಗಿ ಕುಗ್ಗುತ್ತದೆ. ಸ್ಕ್ರೂ ಸುಮ್ನೆ ಸಡಿಲ ಆಗಿಬಿಡುತ್ತವೆ. ಆಮೇಲೆ ಬೇರೆ ಎರಡು ಮೂರು ಥರದ ತೋಟಾ ಹಾಕಿ ನೋಡಿ. ಪಾಯಿಂಟ್ ಟೂ ಟೂ ಕೋವಿಗಳು ತೋಟಾದ ವಿಷಯದಲ್ಲಿ ಬಹಳ ಹಟಮಾರಿ. ಒಂದಕ್ಕೆ ಗೇಣು ಹರಡಿದ್ದು ಇನ್ನೊಂದಕ್ಕೆ ಎರಡು ಬೆರಳಿಗೆ ಬರಬಹುದು.

ಇಷ್ಟಾದರೂ ಸರಿಯಾಗದಿದ್ದರೆ ಬ್ಯಾರೆಲ್ಲಿಗೆ ಬನ್ನಿ. ತೋಟಾ ಇಲ್ಲವೆಂದು ಎರಡು ಸಲ ನೋಡಿ, ಹಿಂದಿನ ಬಾಯಿ ಮುಚ್ಚುವ ಬೋಲ್ಟ್ ಹೊರಗೆ ತೆಗೆಯಿರಿ. ಹಿಂದಿನ ಬಾಯಿಗೆ ಬಿಳಿ ಕಾಗದ ಹಿಡಿದು ಬೆಳಕು ಬಿಡಿ, ಮುಂದಿನಿಂದ ಇಣುಕಿ. ತೋಟಾ ಕೂರುವ ಜಾಗದ ಮುಂದೆ ಬೂದು ಗೆರೆ ಕಂಡರೆ ಅದು ಗುಂಡಿನಿಂದ ಅಂಟಿದ ಸೀಸ. ಹಿತ್ತಾಳೆ ಬ್ರಷ್ಷು, ಕೋವಿ ತೊಳೆಯುವ ದ್ರಾವಣ ಹಾಕಿ ತಾಳ್ಮೆಯಿಂದ ಉಜ್ಜಿದರೆ ಹೋಗುತ್ತದೆ. ಕಪ್ಪು ಚುಕ್ಕೆಗಳು ತುಕ್ಕು ತಿಂದ ಗುರುತು. ನಡುವೆ ಎಲ್ಲಾದರೂ ಕಪ್ಪು ಉಂಗುರ ಕಂಡರೆ ಗಮನಿಸಿ, ಒಳಗೆ ಊದಿರಬಹುದು. ಬಿಗಿಯಾದ ಬಟ್ಟೆ ತುಂಡನ್ನು ಕೋಲಿನಿಂದ ನಿಧಾನ ತಳ್ಳಿ. ಊದಿದ ಜಾಗದಲ್ಲಿ ಕೋಲು ತಟ್ಟನೆ ಹಗುರಾಗುತ್ತದೆ, ದಾಟಿದ ಮೇಲೆ ಮತ್ತೆ ಬಿಗಿಯುತ್ತದೆ. ಅಂಗೈಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಯಾರೋ ಹೊಡೆದಿದ್ದಾರೆ ಅಂತ ಅರ್ಥ. ಹಾಗಿದ್ದರೆ ಆ ಕೋವಿಯಲ್ಲಿ ಹೊಡೆಯುವುದನ್ನು ನಿಲ್ಲಿಸಿ.

ನನ್ನ ಅನುಮಾನ ಮಾತ್ರ ಬ್ಯಾರೆಲ್ಲಿನ ತುದಿಯ ಮೇಲೆ. ಗುಂಡನ್ನು ಕಡೆಗೆ ಮುಟ್ಟಿ ಬಿಡುವುದು ಅದೇ ಅಂಚು. ಅಲ್ಲಿ ಒಂದು ಪಕ್ಕ ಸವೆದಿದ್ದರೆ ಹೊಗೆ, ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತವೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಳಗಿಟ್ಟು, ಅಂಚಿಗೆ ಒತ್ತಿ ಹೊರಕ್ಕೆ ಎಳೆಯಿರಿ. ಸುತ್ತಲೂ ಹೀಗೇ ಮಾಡಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು ಎದ್ದಿದೆ.

ನಮ್ಮ ತಂದೆಯ ಕೋವಿಗೂ ಇದೇ ಆಗಿತ್ತು. ಅವರು ಉಕ್ಕಿನ ಕೋಲನ್ನು ಮುಂದಿನಿಂದಲೇ ತೂರಿ ಒರೆಸುತ್ತಿದ್ದರು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಗುಂಡನ್ನು ತಿರುಗಿಸಿ ಬಿಡುವ, ಬ್ಯಾರೆಲ್ ಒಳಗಿನ ಸುರುಳಿ ಗೆರೆ ತುದಿಯಲ್ಲಿ ಒಂದು ಕಡೆ ಮಾಸಿಹೋಗಿತ್ತು. ಸಾಲದ್ದಕ್ಕೆ ಹಬ್ಬದಲ್ಲಿ ಕೋವಿಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ಎರಡು ಮೂರು ದಿನ ಹಾಗೇ ಇರುತ್ತಿತ್ತು. ಹೂವಿನ ತೇವ ಅಂಚಿಗೆ ತುಕ್ಕು ಹಿಡಿಸಿತ್ತು. ಲೈಸೆನ್ಸ್ ಇರುವ ರಿಪೇರಿಯವರು ತುದಿಯ ಮುಖವನ್ನಷ್ಟೇ ಕೂದಲೆಳೆಯಷ್ಟು ಕೆತ್ತಿ ನೇರ ಮಾಡಿಕೊಟ್ಟರು. ಅದೇ ಕೋವಿ, ಅದೇ ತೋಟಾ. ಐದು ಗುಂಡೂ ಬೆಂಕಿಪೊಟ್ಟಣದಷ್ಟು ಜಾಗಕ್ಕೆ ಬಂದವು. ತಂದೆಯವರು ಆ ಕಾಗದವನ್ನು ಬಹಳ ದಿನ ಜೇಬಲ್ಲೇ ಇಟ್ಟುಕೊಂಡಿದ್ದರು.

ನೀವೂ ಇನ್ನು ಹಿಂದಿನಿಂದಲೇ ಒರೆಸಿ. ಪೂಜೆ ಮುಗಿದ ಸಂಜೆಯೇ ಹೂ ತೆಗೆದು ಎಣ್ಣೆ ಬಟ್ಟೆ ಆಡಿಸಿ. ತೂತು ಹೇಗಿತ್ತು, ಹತ್ತಿ ಎಲ್ಲಿ ಸಿಕ್ಕಿತು ಅಂತ ಮತ್ತೆ ಬರೆಯಿರಿ.