ಸಾಲವಿಲ್ಲ, ಋಣವಿದೆ

ನಿಮ್ಮ ಪ್ರಶ್ನೆ ಇದು: "ನಾನು ಕೆಲವು ವರ್ಷಗಳಿಂದ ಆ್ಯಡ್ ಬ್ಲಾಕರ್ ಬಳಸುತ್ತಿದ್ದೇನೆ. ನಾನು ತಪ್ಪದೆ ನೋಡುವ ಒಬ್ಬರು ಮೊನ್ನೆ ತಮ್ಮ ವಿಡಿಯೊದಲ್ಲಿ, ಜಾಹೀರಾತು ತಡೆಯುವವರು ನನ್ನ ದುಡಿಮೆಯನ್ನು ಕದಿಯುತ್ತಿದ್ದಾರೆ ಎಂದರು. ನಾನು ವಿದ್ಯಾರ್ಥಿ, ಎಲ್ಲರಿಗೂ ಹಣ ಕೊಡುವ ಶಕ್ತಿ ಇಲ್ಲ. ನಾನು ಕಳ್ಳನೇ?"

ಅಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವುದು ಬೇಡವೆಂದು ಮೊದಲೇ ಹೇಳಿಬಿಟ್ಟೆ. ನಾನೂ ಬ್ಲಾಕರ್ ಬಳಸುತ್ತೇನೆ. ಜಾಹೀರಾತಿನ ಹಣವನ್ನು ನಂಬಿ ಒಂದು ಪುಟ್ಟ ಜಾಲತಾಣ ನಡೆಸಿದವನೂ ಹೌದು. ಹಾಗಾಗಿ ಈ ಜಗಳದಲ್ಲಿ ಎರಡೂ ಕಡೆಯ ಬೈಗುಳ ನನಗೆ ಸಲ್ಲುತ್ತದೆ.

ಕಳ್ಳತನ ಎಂಬ ಆರೋಪ ಹಳೆಯದು. 2002ರಲ್ಲಿ ಅಮೆರಿಕದ ಟರ್ನರ್ ಬ್ರಾಡ್‌ಕಾಸ್ಟಿಂಗ್‌ನ ಮುಖ್ಯಸ್ಥರಾಗಿದ್ದ ಜೇಮಿ ಕೆಲ್ನರ್, ಟಿವಿ ಜಾಹೀರಾತುಗಳನ್ನು ಹಾರಿಸಿ ನೋಡಲು ಬಿಡುವ ರೆಕಾರ್ಡರ್‌ಗಳ ಬಗ್ಗೆ ಮಾತನಾಡುತ್ತಾ ಇದು ಕಳ್ಳತನ ಎಂದರು. ಹಾಗಾದರೆ ಜಾಹೀರಾತಿನ ಹೊತ್ತಿಗೆ ಎದ್ದು ಶೌಚಾಲಯಕ್ಕೆ ಹೋಗುವವರ ಗತಿಯೇನು? ಅಷ್ಟನ್ನು ಸಹಿಸಿಕೊಳ್ಳಬಹುದು ಎಂಬರ್ಥದ ಮಾತನ್ನೂ ಅವರೇ ಸೇರಿಸಿದರು! ಕಾರ್ಯಕ್ರಮ ನೋಡಲು ಕುಳಿತವನು ಜಾಹೀರಾತನ್ನೂ ನೋಡುತ್ತೇನೆಂದು ಒಪ್ಪಂದ ಮಾಡಿಕೊಂಡಿರುತ್ತಾನೆ ಎಂಬುದು ಅವರ ವಾದದ ತಿರುಳು. ಆ ಒಪ್ಪಂದಕ್ಕೆ ನಾನು ಎಲ್ಲಿ ಸಹಿ ಹಾಕಿದೆನೋ ಇವತ್ತಿಗೂ ತಿಳಿಯದು. ಲಿಂಕ್ ಒತ್ತುವ ಮೊದಲು ಆ ಪುಟದಲ್ಲಿ ಎಷ್ಟು ಜಾಹೀರಾತುಗಳಿವೆ, ಎಷ್ಟು ಕಂಪನಿಗಳು ನನ್ನ ಜಾಡು ಹಿಡಿಯಲಿವೆ ಎಂದು ಯಾರೂ ಹೇಳಿರುವುದಿಲ್ಲ. ಷರತ್ತುಗಳು ಒಪ್ಪಿದ ಮೇಲೆ ತಿಳಿಯುವ ಒಪ್ಪಂದ ಯಾವ ಸೀಮೆಯದು?

ಜಾಲಪುಟ ಕೆಲಸ ಮಾಡುವ ರೀತಿಯನ್ನೂ ಸ್ವಲ್ಪ ನೋಡಿ. ಸರ್ವರ್ ನಿಮಗೆ ಕಳಿಸುವುದು ಸೂಚನೆಗಳ ಒಂದು ಪಟ್ಟಿ: ಈ ಬರಹ ತೋರಿಸು, ಆ ಚಿತ್ರ ತಾ, ಮತ್ತೊಂದು ಕಂಪನಿಯ ಸರ್ವರ್‌ನಿಂದ ಈ ಪ್ರೋಗ್ರಾಮ್ ತಂದು ಓಡಿಸು. ಅದನ್ನೆಲ್ಲ ಪಾಲಿಸುವುದು ನಿಮ್ಮ ಯಂತ್ರ. ಖರ್ಚಾಗುವುದು ನಿಮ್ಮ ಬ್ಯಾಟರಿ, ನಿಮ್ಮ ಡೇಟಾ. ವೆಬ್‌ನ ಮಾನದಂಡಗಳಲ್ಲಿ ಬ್ರೌಸರ್‌ಗೆ 'ಯೂಸರ್ ಏಜೆಂಟ್' ಎಂಬ ಹೆಸರಿದೆ. ಬಳಸುವವನ ಪರವಾಗಿ ಓಡಾಡುವ ಆಳು ಎಂದರ್ಥ. ನನ್ನ ಆಳು ಊರವರೆಲ್ಲರ ಅಪ್ಪಣೆಯನ್ನು ಪಾಲಿಸಬೇಕಿಲ್ಲ. ಆಕ್ಸೆಲ್ ಸ್ಪ್ರಿಂಗರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಬ್ಲಾಕರ್ ವಿರುದ್ಧ ಹೂಡಿದ್ದ ಒಂದು ಮೊಕದ್ದಮೆ ಜರ್ಮನಿಯ ಫೆಡರಲ್ ನ್ಯಾಯಾಲಯದವರೆಗೆ ಹೋಗಿ, 2018ರಲ್ಲಿ ಬ್ಲಾಕರ್‌ನ ಪರವಾಗಿಯೇ ತೀರ್ಪು ಬಂತು.

ಕಾನೂನಿನ ಮಾತು ಇಲ್ಲಿಗೆ ಸಾಕು. ನೀವು ಕೇಳಿದ್ದು ಮನಸ್ಸಿಗೆ ಚುಚ್ಚುತ್ತಿರುವುದರ ಬಗ್ಗೆ. ಅದಕ್ಕೆ ನನ್ನ ತಾಣದ ಕಥೆ ಹೇಳಬೇಕು.

ಕೀಲಿ ಕೊಡುವ ಹಳೆಯ ಗೋಡೆ ಗಡಿಯಾರಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಹವ್ಯಾಸ. ಸ್ಪ್ರಿಂಗ್ ಇಳಿಸುವುದು ಹೇಗೆ, ಲೋಲಕ ಓಲಾಡುತ್ತಾ ನಿಂತುಹೋಗುವುದು ಏಕೆ ಎಂದೆಲ್ಲ ಚಿತ್ರಗಳ ಸಮೇತ ಬರೆದು ಹಾಕುತ್ತಿದ್ದೆ. ಓದುಗರು ಹೆಚ್ಚಿದಂತೆ ಸರ್ವರ್ ಬಾಡಿಗೆಯೂ ಏರಿತು. ಒಂದು ಜಾಹೀರಾತು ಜಾಲದಲ್ಲಿ ನೋಂದಾಯಿಸಿಕೊಂಡು, ಅವರು ಕೊಟ್ಟ ನಾಲ್ಕು ಸಾಲಿನ ಕೋಡ್ ಅಂಟಿಸಿದೆ. ಬಾಡಿಗೆಯ ಹಣ ಹುಟ್ಟುತ್ತಿತ್ತು. ಯಾರಾದರೂ ಬ್ಲಾಕರ್ ಬಳಸುತ್ತಾರೆಂದು ಕೇಳಿದರೆ ನನಗೂ ಒಳಗೊಳಗೇ ಕೋಪ ಬರುತ್ತಿತ್ತು. ರಾತ್ರಿಯಿಡೀ ಭೂತಗನ್ನಡಿ ಹಿಡಿದು ಚಿತ್ರ ತೆಗೆದವನು ನಾನಲ್ಲವೇ?

ಮೂರನೆಯ ವರ್ಷ ಓದುಗರೊಬ್ಬರಿಂದ ಮಿಂಚಂಚೆ ಬಂತು. ಅವರ ತಾಯಿ ಮೊಬೈಲಿನಲ್ಲಿ ನನ್ನ ಪುಟ ತೆರೆದಾಗ, ಫೋನಿಗೆ ವೈರಸ್ ತಗುಲಿದೆ, ಕೂಡಲೇ ಇಲ್ಲಿ ಒತ್ತಿ ಎಂಬ ಕೆಂಪು ಎಚ್ಚರಿಕೆ ಪರದೆ ತುಂಬ ಬಂದಿತ್ತಂತೆ. ಆಕೆ ಹೆದರಿ ಒತ್ತಿದ್ದರು. ನಾನು ಅದೇ ಪುಟ ತೆರೆದರೆ ನನಗೆ ಕಂಡದ್ದು ಸಾಧುವಾದ ಒಂದು ಚಪ್ಪಲಿ ಜಾಹೀರಾತು. ಜಾಲದವರಿಗೆ ಬರೆದೆ, ವಿಷಯವನ್ನು ಪರಿಶೀಲಿಸುತ್ತಿದ್ದೇವೆ ಎಂಬ ಸಿದ್ಧ ಉತ್ತರ ಬಂತು, ಮುಂದೇನೂ ಬರಲಿಲ್ಲ. ಆ ಎಚ್ಚರಿಕೆಯನ್ನು ಹಾಕಿದ್ದು ಯಾರು, ಅವರು ನನಗೆ ಎಷ್ಟು ಕೊಟ್ಟರು, ಇನ್ನೆಷ್ಟು ಜನರಿಗೆ ತೋರಿಸಿದರು ಎಂದು ತಿಳಿಯಲು ನನಗೆ ದಾರಿಯೇ ಇರಲಿಲ್ಲ. ನನ್ನ ಮನೆಯ ಜಗುಲಿಯನ್ನು ಗಳಿಗೆಗೊಬ್ಬರಿಗೆ ಬಾಡಿಗೆಗೆ ಬಿಟ್ಟು, ಅಲ್ಲಿ ಕುಳಿತವರು ಯಾರೆಂದು ನಾನೇ ನೋಡದೆ ಒಳಗೆ ಗಡಿಯಾರ ಬಿಚ್ಚುತ್ತಾ ಕುಳಿತಿದ್ದೆ. ಆ ತಿಂಗಳೇ ಕೋಡ್ ಕಿತ್ತುಹಾಕಿ, ನನ್ನ ಬ್ರೌಸರ್‌ಗೆ ಬ್ಲಾಕರ್ ಹಾಕಿಕೊಂಡೆ.

ಇದು ಬಡಪಾಯಿ ತಾಣಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ತಾಣದಲ್ಲೇ ನಕಲಿ ಆ್ಯಂಟಿವೈರಸ್ ಜಾಹೀರಾತು ನುಸುಳಿತ್ತು. 2016ರಲ್ಲಿ ಮತ್ತೆ ಅದೇ ಪತ್ರಿಕೆಯ ಮತ್ತು ಬಿಬಿಸಿಯ ತಾಣಗಳಲ್ಲಿ ಜಾಹೀರಾತಿನ ಮೂಲಕ ದುರುದ್ದೇಶದ ತಂತ್ರಾಂಶ ಹರಿದಾಡಿತು. ಅದೇ ವರ್ಷದ ಜನವರಿಯಲ್ಲಿ, ಬ್ಲಾಕರ್ ತೆಗೆದರೆ ಮಾತ್ರ ಓದಲು ಬಿಡುತ್ತೇವೆ ಎನ್ನುತ್ತಿದ್ದ ಫೋರ್ಬ್ಸ್ ತಾಣದಲ್ಲಿ, ಮಾತು ಕೇಳಿ ಬ್ಲಾಕರ್ ತೆಗೆದ ಭದ್ರತಾ ಸಂಶೋಧಕರೊಬ್ಬರಿಗೆ ಸಿಕ್ಕಿದ್ದೂ ಅಂಥದೇ ಜಾಹೀರಾತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ, ಹುಡುಕಾಟದ ಫಲಿತಾಂಶಗಳಲ್ಲಿ ವಂಚಕರು ಹೆಸರಾಂತ ಕಂಪನಿಗಳ ಸೋಗಿನಲ್ಲಿ ಜಾಹೀರಾತು ಕೊಡುತ್ತಿದ್ದಾರೆ ಎಂದು ಎಚ್ಚರಿಸಿ, ಜನ ಬ್ಲಾಕರ್ ಬಳಸುವುದು ಒಳ್ಳೆಯದು ಎಂದು ಸಲಹೆ ಕೊಟ್ಟಿತು. ಪೊಲೀಸರೇ ಹಾಕಿಕೊಳ್ಳಿ ಎನ್ನುವ ಬೀಗವನ್ನು ಕಳ್ಳತನದ ಸಲಕರಣೆ ಎನ್ನುವುದು ಹೇಗೆ? (ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದ ಈಥನ್ ಝುಕರ್‌ಮನ್ ಅಂತೂ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.)

ಇನ್ನು ಹಣದ ಮಾತು. ನೀವು ಪುಟ ತೆರೆಯುವ ಆ ಒಂದು ಕ್ಷಣದೊಳಗೆ ಜಾಹೀರಾತಿನ ಜಾಗಕ್ಕೆ ಹರಾಜು ನಡೆದು ಮುಗಿದಿರುತ್ತದೆ. ಹರಾಜಾಗುವುದು ಜಾಗಕ್ಕಿಂತ ಹೆಚ್ಚಾಗಿ ನೀವು: ನಿಮ್ಮ ವಯಸ್ಸು, ನೀವಿರುವ ಸ್ಥಳ, ನಿನ್ನೆ ಹುಡುಕಿದ ವಸ್ತು. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ 2020ರಲ್ಲಿ ಪಿಡಬ್ಲ್ಯುಸಿ ಎಂಬ ಲೆಕ್ಕಪರಿಶೋಧನೆಯ ಸಂಸ್ಥೆಯಿಂದ ಮಾಡಿಸಿದ ಅಧ್ಯಯನದ ಪ್ರಕಾರ, ಜಾಹೀರಾತುದಾರ ಕೊಟ್ಟ ಹಣದಲ್ಲಿ ಪ್ರಕಾಶಕರ ಕೈಸೇರಿದ್ದು ಸುಮಾರು 51 ಪ್ರತಿಶತ. ಸುಮಾರು 15 ಪ್ರತಿಶತ ಎಲ್ಲಿ ಹೋಯಿತೆಂದು ಲೆಕ್ಕಪರಿಶೋಧಕರಿಗೇ ಪತ್ತೆಯಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳದೇ ಒಂದು ಸಾಲು ನಿಂತಿದೆ.

ನಿಮ್ಮವರು ವಿಡಿಯೊ ಮಾಡುವವರು, ಆದ್ದರಿಂದ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಯೂಟ್ಯೂಬ್ ತನ್ನ ಪಾಲುದಾರರಿಗೆ, ಶಾರ್ಟ್ಸ್ ಅಲ್ಲದ ಸಾಮಾನ್ಯ ವಿಡಿಯೊಗಳ ಜಾಹೀರಾತು ವರಮಾನದಲ್ಲಿ 55 ಪ್ರತಿಶತ ಕೊಡುತ್ತದೆ. ಅಲ್ಲಿ ಜಾಹೀರಾತು ತಡೆದರೆ ಪೆಟ್ಟು ನೇರವಾಗಿ ಅವರಿಗೇ ತಾಗುತ್ತದೆ. "ನಾನು ಹೇಗೂ ಜಾಹೀರಾತಿನ ಮೇಲೆ ಒತ್ತುವವನಲ್ಲ, ನನ್ನಿಂದ ಅವರಿಗೇನು ನಷ್ಟ" ಎಂಬ ಸಮಾಧಾನವೂ ಪೊಳ್ಳು. ಎಷ್ಟೋ ಜಾಹೀರಾತುಗಳಿಗೆ ಹಣ ಸಿಗುವುದು ಸಾವಿರ ಸಲ ಕಂಡದ್ದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ಒತ್ತಿದ್ದಕ್ಕಲ್ಲ. ಹಾಗೆಂದು ಐದು ಸೆಕೆಂಡಿಗೆ 'ಸ್ಕಿಪ್' ಒತ್ತುವ ಸಂಭಾವಿತರು ನಿಮಗಿಂತ ಮೇಲೇನಲ್ಲ. ಅಂಥ ಜಾಹೀರಾತಿನ ಒಂದು ಬಗೆಯಲ್ಲಿ, ನೋಡುಗ ಮೂವತ್ತು ಸೆಕೆಂಡು ಅಥವಾ ಪೂರ್ತಿ ನೋಡಿದರೆ, ಇಲ್ಲವೇ ಅದನ್ನು ಒತ್ತಿದರೆ ಮಾತ್ರ ಜಾಹೀರಾತುದಾರ ಹಣ ಕಟ್ಟುತ್ತಾನೆ. ಸ್ಕಿಪ್ ಮಾಡುವವರನ್ನು ಯಾರೂ ಕಳ್ಳರೆನ್ನುವುದಿಲ್ಲ, ಗಮನಿಸಿದ್ದೀರಾ?

ನನಗೆ ಕೊನೆಗೆ ದಾರಿ ತೋರಿಸಿದ್ದು ನಮ್ಮ ಭಾಷೆಯಲ್ಲಿರುವ ಎರಡು ಬೇರೆ ಬೇರೆ ಪದಗಳು: ಸಾಲ ಮತ್ತು ಋಣ. ಸಾಲಕ್ಕೆ ಪತ್ರವಿದೆ, ಗಡುವಿದೆ, ವಸೂಲಿಗೆ ಮನೆಬಾಗಿಲಿಗೆ ಬರುವ ಹಕ್ಕಿದೆ. ಋಣಕ್ಕೆ ಇದು ಯಾವುದೂ ಇಲ್ಲ. ಅದನ್ನು ಕೊಟ್ಟವರು ಕೇಳುವಂತಿಲ್ಲ, ಪಡೆದವರು ಮರೆಯುವಂತಿಲ್ಲ. ನಿಮ್ಮ ವಿಡಿಯೊದವರಿಗೆ ನೀವು ಸಾಲಗಾರರಲ್ಲ. ಅವರು ಕೇಳದೆಯೇ ಲೋಕದ ಮುಂದೆ ಇಟ್ಟದ್ದನ್ನು ನೀವು ನೋಡಿದಿರಿ. ಆದರೆ ವರ್ಷಗಟ್ಟಲೆ ತಪ್ಪದೆ ನೋಡಿ, ಕಲಿತು, ನಕ್ಕು, ಬೇಸರ ಕಳೆದುಕೊಂಡ ಮೇಲೆ ಋಣವೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅವರು ತಪ್ಪಿದ್ದು ಋಣವನ್ನು ಸಾಲವೆಂದು ಲೆಕ್ಕ ಹಾಕಿ ವಸೂಲಿಗೆ ನಿಂತದ್ದರಲ್ಲಿ. ಬ್ಲಾಕರ್ ಹಾಕಿಕೊಂಡ ನಾವು ಬಹಳ ಮಂದಿ ತಪ್ಪುವುದು, ಸಾಲವಿಲ್ಲ ಎಂದು ಗೊತ್ತಾದ ಕೂಡಲೇ ಋಣವನ್ನೂ ಒರೆಸಿಬಿಡುವುದರಲ್ಲಿ.

ಬ್ಲಾಕರ್‌ನಲ್ಲಿ ನನಗೆ ಕಾಣುವ ದೊಡ್ಡ ದೋಷವೂ ಅದೇ: ಅದು ಯಾರಿಗೆ ಕೊಡಬೇಕಿತ್ತೆಂಬ ನೆನಪನ್ನೂ ಜಾಹೀರಾತಿನ ಜೊತೆ ಗುಡಿಸಿಹಾಕುತ್ತದೆ. 2010ರಲ್ಲಿ ಆರ್ಸ್ ಟೆಕ್ನಿಕಾ ಎಂಬ ತಂತ್ರಜ್ಞಾನ ತಾಣ, ಬ್ಲಾಕರ್ ಬಳಸುವವರಿಗೆ ಹನ್ನೆರಡು ಗಂಟೆ ಕಾಲ ಬರಹಗಳೇ ಕಾಣದಂತೆ ಮಾಡಿ ನೋಡಿತು. ಬೈದವರು ಬಹಳ. ಆದರೆ ಆಮೇಲೆ ಸಂಪಾದಕ ಕೆನ್ ಫಿಶರ್ ತಮ್ಮ ಕಷ್ಟವನ್ನು ಬಿಡಿಸಿ ಬರೆದರು. ಆ ತಾಣವನ್ನು ಬ್ಲಾಕರ್‌ನ ವಿನಾಯಿತಿ ಪಟ್ಟಿಗೆ ಸೇರಿಸಿದವರು ಹಲವರು, ಚಂದಾದಾರರಾದವರೂ ಕೆಲವರು. ಅದೇ ಓದುಗರು, ಅದೇ ತಾಣ. ಅಲ್ಲಿಯವರೆಗೆ ಅವರಿಗೆ ಆ ಯೋಚನೆ ಬಂದಿರಲಿಲ್ಲ, ಅಷ್ಟೇ.

ಬ್ಲಾಕರ್ ಮಾಡುವವರೆಲ್ಲ ಧರ್ಮರಾಯರು ಎಂದೂ ನಂಬಬೇಡಿ. ಆ್ಯಡ್‌ಬ್ಲಾಕ್ ಪ್ಲಸ್‌ನ ಕಂಪನಿ 2011ರಿಂದ 'ಒಪ್ಪಬಹುದಾದ ಜಾಹೀರಾತು'ಗಳೆಂದು ಕೆಲವನ್ನು ಒಳಗೆ ಬಿಡುತ್ತದೆ. ಅದರಲ್ಲಿ ದೊಡ್ಡ ಕಂಪನಿಗಳಿಂದ ಶುಲ್ಕವನ್ನೂ ಪಡೆಯುತ್ತದೆ. ಜಾಹೀರಾತುಗಳು ತಕ್ಕಮಟ್ಟಿಗೆ ಸಭ್ಯವಾಗಲಿ ಎಂಬ ಉದ್ದೇಶ ಕೆಟ್ಟದ್ದಲ್ಲ. ಆದರೆ ಬೇಲಿ ಕಾಯುವವನೇ ಮೇಯಲು ಬಿಡುವುದಕ್ಕೆ ಬಾಡಿಗೆ ತೆಗೆದುಕೊಂಡರೆ ನನಗೆ ಕಸಿವಿಸಿ. ನಾನು ಬಳಸುವುದು ಯುಬ್ಲಾಕ್ ಆರಿಜಿನ್. ಅದನ್ನು ಬರೆದ ರೇಮಂಡ್ ಹಿಲ್ ದೇಣಿಗೆ ಕೇಳುವುದಿಲ್ಲ. ಕೊಡಲೇಬೇಕೆನಿಸಿದರೆ ತಡೆಪಟ್ಟಿಗಳನ್ನು ನಿರ್ವಹಿಸುವವರನ್ನು ನೆನೆಯಿರಿ ಎನ್ನುತ್ತಾರೆ. ಯಾವ ವಿಳಾಸದಿಂದ ಬಂದದ್ದು ಜಾಹೀರಾತು, ಯಾವುದು ಅಲ್ಲ ಎಂದು ದಿನವೂ ತಿದ್ದುತ್ತಾ ಕೂರುವ ಆ ಜನರಲ್ಲೂ ಬಹಳ ಮಂದಿ ಪುಕ್ಕಟೆ ದುಡಿಯುವವರೇ. ಅವರ ಋಣ ನಮ್ಮಲ್ಲಿ ಯಾರ ಲೆಕ್ಕದಲ್ಲಿದೆ?

ಅನುಮಾನ ಬಲ್ಲವರನ್ನೂ ಬಿಡುವುದಿಲ್ಲ. ಮಾರ್ಕೋ ಆರ್ಮೆಂಟ್ ಎಂಬ ತಂತ್ರಾಂಶಕಾರ 2015ರಲ್ಲಿ ಐಫೋನ್‌ಗೆಂದು 'ಪೀಸ್' ಎಂಬ ಬ್ಲಾಕರ್ ಬಿಡುಗಡೆ ಮಾಡಿದರು. ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಎರಡೇ ದಿನಕ್ಕೆ ಅವರು ಅದನ್ನು ಹಿಂತೆಗೆದುಕೊಂಡರು. ಪೆಟ್ಟು ತಿನ್ನಬೇಕಿಲ್ಲದವರಿಗೂ ಪೆಟ್ಟು ಬೀಳುತ್ತಿದೆ, ಗೆದ್ದರೂ ಖುಷಿಯಾಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಾನು ಅವರ ಜಾಗದಲ್ಲಿದ್ದರೆ ಹಿಂತೆಗೆಯುತ್ತಿರಲಿಲ್ಲ, ಆದರೆ ಆ ಕಸಿವಿಸಿ ಪ್ರಾಮಾಣಿಕವಾದದ್ದು.

ನಾನು ಮಾಡುವುದು ಇಷ್ಟು. ಬ್ಲಾಕರ್ ಎಲ್ಲ ಕಡೆ ಚಾಲೂ ಇರುತ್ತದೆ. ಜಾಡು ಹಿಡಿಯದೆ, ತಾವೇ ಆರಿಸಿದ ಜಾಹೀರಾತನ್ನು ತಮ್ಮದೇ ಪುಟದಲ್ಲಿ ಹಾಕುವ ಕೆಲವು ತಾಣಗಳಿಗೆ ವಿನಾಯಿತಿ ಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ ಒಂದು ಸಂಜೆ ಬ್ರೌಸರ್‌ನ ಇತಿಹಾಸ ತೆರೆದು ಕೂರುತ್ತೇನೆ: ಈ ವರ್ಷ ಯಾರ ಬಾಗಿಲಿಗೆ ಹೆಚ್ಚು ಸಲ ಹೋದೆ? ಪ್ರತಿ ಸಲವೂ ಅಚ್ಚರಿಯಾಗುತ್ತದೆ. ನಾನು ಮೆಚ್ಚುತ್ತೇನೆಂದು ಹೇಳಿಕೊಳ್ಳುವವರು ಬೇರೆ, ನಿಜವಾಗಿ ಓದುವವರು ಬೇರೆ. ಎತ್ತಿಟ್ಟ ಹಣವನ್ನು ಮೇಲಿನ ನಾಲ್ಕೈದು ಹೆಸರುಗಳಿಗೆ ಹಂಚುತ್ತೇನೆ. ವಿಕಿಪೀಡಿಯ ಪ್ರತಿ ವರ್ಷ ಇರುತ್ತದೆ. ಜಾಹೀರಾತಿಲ್ಲದೆ, ಹೆಚ್ಚಾಗಿ ಓದುಗರ ದೇಣಿಗೆಯ ಬಲದಿಂದ ನಿಂತಿರುವ ತಾಣ ಅದು. ತಿಂಗಳಿಗಿಷ್ಟು ಎಂದು ಹತ್ತು ಕಡೆ ಕಟ್ಟಿಸಿಕೊಳ್ಳುವ ಪೇಟ್ರಿಯಾನ್‌ನಂಥ ಏರ್ಪಾಟು ನನಗೆ ಒಗ್ಗಲಿಲ್ಲ. ಎರಡನೆಯ ತಿಂಗಳಿಗೆ ಯಾರಿಗೆ ಏಕೆ ಕೊಡುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಕೈ ಸಡಿಲವಿದ್ದವರಿಗೆ ಯೂಟ್ಯೂಬ್ ಪ್ರೀಮಿಯಂ ಇದೆ. ಜಾಹೀರಾತು ತಪ್ಪುತ್ತದೆ, ಚಂದಾದ ಒಂದು ಪಾಲು ನೀವು ನೋಡಿದವರಿಗೆ ಹೋಗುತ್ತದೆ. ಆದರೆ ಅದು ಜಾಡು ಹಿಡಿಯುವುದನ್ನು ನಿಲ್ಲಿಸುತ್ತದೆಂದು ಭಾವಿಸಬೇಡಿ.

ನೀವು ವಿದ್ಯಾರ್ಥಿ ಎಂದಿರಿ. ಹಾಗಿದ್ದರೆ ಈಗ ಕೊಡಬೇಡಿ. ಇಲ್ಲದವನ ಜೇಬಿಗೆ ಕೈಹಾಕಿ ನಡೆಯಬೇಕಾದ ತಾಣ ನಡೆಯದಿದ್ದರೂ ಚಿಂತೆಯಿಲ್ಲ. ಮನಸ್ಸು ಒಪ್ಪಿದರೆ ಅವರೊಬ್ಬರ ಚಾನೆಲ್‌ಗೆ ಮಾತ್ರ ಬ್ಲಾಕರ್ ಆಫ್ ಮಾಡಿ ಒಂದು ವಾರ ನೋಡಿ. ತಾಳ್ಮೆ ಕೆಟ್ಟರೆ ಮತ್ತೆ ಹಾಕಿಕೊಳ್ಳಿ. ಇನ್ನೊಂದು ಕೆಲಸಕ್ಕೆ ಹಣ ಬೇಡ: ಅವರಿಗೆ ಬರೆಯಿರಿ. ಚೆನ್ನಾಗಿದೆ ಎಂಬ ಒಂದು ಪದ ಸಾಲದು; ಯಾವ ವಿಡಿಯೊದಿಂದ ಏನು ಕಲಿತಿರಿ, ಎಲ್ಲಿ ತಪ್ಪಿದೆ ಎನಿಸಿತು ಎಂದು ಬಿಡಿಸಿ ಬರೆಯಿರಿ. ಜಾಹೀರಾತು ತೆಗೆದ ಮೇಲೂ ನನ್ನ ತಾಣ ಮೂರು ವರ್ಷ ಉಸಿರಾಡಿದ್ದು ಪುಟದ ಕೊನೆಯಲ್ಲಿ ನಾನು ಹಾಕಿದ ದೇಣಿಗೆಯ ಸಾಲಿನಿಂದ, ಮತ್ತು ಅಂಥ ಪತ್ರಗಳಿಂದ. ಒಬ್ಬರಂತೂ ತಮ್ಮ ಅಜ್ಜನ ಗಡಿಯಾರ ನನ್ನ ಸೂಚನೆಯಂತೆ ಬಿಚ್ಚಿ ಜೋಡಿಸಿದ ಮೇಲೆ ಒಂದು ಹಲ್ಲುಗಾಲಿ ಮಿಕ್ಕಿತು, ಆದರೂ ಗಡಿಯಾರ ನಡೆಯುತ್ತಿದೆ, ಇದು ಹೇಗೆ ಎಂದು ಚಿತ್ರ ಕಳಿಸಿದ್ದರು. ಅದಕ್ಕೆ ನನಗೆ ಇನ್ನೂ ಉತ್ತರ ಹೊಳೆದಿಲ್ಲ.