ನಿಮ್ಮ ಮಗ ಹೇಳಿದ್ದೇ ಸರಿ, ರಕ್ತ ಕುದಿಯುವುದಿಲ್ಲ

"ಬಾಹ್ಯಾಕಾಶದಲ್ಲಿ ಹೆಲ್ಮೆಟ್ ಕಳಚಿದರೆ ರಕ್ತ ಕುದಿದು, ಮರುಕ್ಷಣವೇ ಮೈ ಮಂಜುಗಡ್ಡೆಯಾಗುತ್ತದೆ ಎಂದು ಕಳೆದ ಸಂಚಿಕೆಯ ಸಿನಿಮಾ ಪುಟದಲ್ಲಿ ಬರೆದಿದ್ದೀರಿ. ಒಂಬತ್ತನೇ ಕ್ಲಾಸಿನ ನನ್ನ ಮಗ ಇದು ಶುದ್ಧ ಸುಳ್ಳು ಅಂತಾನೆ. ಕುದಿಯೋದು, ಗಡ್ಡೆ ಕಟ್ಟೋದು ಎರಡೂ ಒಟ್ಟಿಗೆ ಹೇಗಾಗುತ್ತೆ ಅಂತ ಕೇಳ್ತಾನೆ. ಯಾರು ಸರಿ?"
- ಓದುಗರೊಬ್ಬರು, ಬಸವನಗುಡಿ

ಮೇಡಂ, ಮಗನೇ ಸರಿ. ಆ ಸಾಲು ಬರೆದವನು ನಾನು. ಪುಟ ಪ್ರೆಸ್ಸಿಗೆ ಹೋಗುವ ಗಡಿಬಿಡಿಯಲ್ಲಿ, ಸಿನಿಮಾಗಳಲ್ಲಿ ನೋಡಿ ನೋಡಿ ತಲೆಯಲ್ಲಿ ಕೂತಿದ್ದನ್ನೇ ಗೀಚಿಬಿಟ್ಟೆ.

ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ ಅಲ್ವಾ, ಹಾಗಾಗಿ ಇಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕುಕ್ಕರಿನಲ್ಲಿ ನಡೆಯುವುದು ಇದರ ಉಲ್ಟಾ. ಸುಮಾರು 19 ಕಿ.ಮೀ. ಮೇಲೆ ಹೋದರೆ ನಮ್ಮ ಮೈಯ ಬಿಸಿಯೇ ಸಾಕು, 37 ಡಿಗ್ರಿಗೇ ಕುದಿ. ಆದರೆ ರಕ್ತವೇನು ತೆರೆದ ಪಾತ್ರೆಯಲ್ಲಿದೆಯೇ? ರಕ್ತನಾಳದೊಳಗೆ ಒತ್ತಡದಲ್ಲಿದೆ, ಮೇಲೆ ಚರ್ಮ ಬಿಗಿಯಾಗಿ ಹಿಡಿದಿದೆ. ಮೈ ಊದಿಕೊಳ್ಳುತ್ತದೆ, ಒಡೆಯುವುದಿಲ್ಲ. ಕುದಿಯುವುದು ಕಣ್ಣೀರು, ಎಂಜಲು, ಅಂಥವು.

ಎಂಜಲಿನ ಮಾತಿಗೆ ಸಾಕ್ಷಿಯೂ ಇದೆ. 1966ರಲ್ಲಿ ಹ್ಯೂಸ್ಟನ್‌ನ ನಾಸಾ ಕೇಂದ್ರದಲ್ಲಿ, ಗಾಳಿ ತೆಗೆದ ಕೋಣೆಯೊಳಗೆ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞ ಬಾಹ್ಯಾಕಾಶ ಸೂಟ್ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದ. ಸೂಟಿಗೆ ಗಾಳಿ ಕೊಡುವ ಪೈಪ್ ಕಳಚಿತು. 14 ಸೆಕೆಂಡಿನಷ್ಟರಲ್ಲಿ ಪ್ರಜ್ಞೆ ತಪ್ಪಿತು. ನಾಲಿಗೆಯ ಮೇಲೆ ಎಂಜಲು ಗುಳುಗುಳು ಅಂದಿದ್ದೇ ಅವನ ಕೊನೆಯ ನೆನಪು. ಕೂಡಲೇ ಕೋಣೆಗೆ ಗಾಳಿ ತುಂಬಿದರು, ಬದುಕಿಕೊಂಡ. ಅಂದರೆ ಕೊಲ್ಲುವುದು ಆಮ್ಲಜನಕವಿಲ್ಲದಿರುವುದು, ಅದೂ ಒಂದೆರಡು ನಿಮಿಷದಲ್ಲಿ. 1971ರಲ್ಲಿ ಸೋಯುಜ್ 11 ನೌಕೆಯ ಕವಾಟ ಇಳಿಯುವ ಹೊತ್ತಿನಲ್ಲಿ ತೆರೆದುಕೊಂಡು ಮೂವರು ಹೋದದ್ದೂ ಹೀಗೇ. ಇನ್ನೊಂದು ವಿಷಯ, ಉಸಿರು ಬಿಗಿ ಹಿಡಿಯಬಾರದು. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯುತ್ತದೆ. ಸಿನಿಮಾದ ಹೀರೋಗಳು ಮಾಡುವುದು ಸರಿಯಾಗಿ ಅದನ್ನೇ.

ಈಗ ಮಂಜುಗಡ್ಡೆ. ಆಸ್ಪತ್ರೆಗೆ ಕಾಫಿ ಒಯ್ಯುವ ಗಾಜಿನ ಫ್ಲಾಸ್ಕ್ ಇದೆಯಲ್ಲ, ಅದರ ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುತ್ತಾರೆ. ಶಾಖ ದಾಟಿ ಹೋಗಲು ದಾರಿಯಿಲ್ಲ, ಬೆಳಿಗ್ಗೆ ಹಾಕಿದ ಕಾಫಿ ಮಧ್ಯಾಹ್ನಕ್ಕೂ ಬಿಸಿ. ಬಾಹ್ಯಾಕಾಶದಲ್ಲಿ ನಮ್ಮ ಸುತ್ತ ಇರುವುದು ಅದೇ ಖಾಲಿ. ಒಣ ಚರ್ಮದಿಂದ ಶಾಖ ಹೊರಸೂಸಿ ಹೋಗಬೇಕು, ಅದಕ್ಕೆ ತುಂಬಾ ಹೊತ್ತು ಬೇಕು.

ಆದರೆ ಕುದಿಯೋದು, ಗಡ್ಡೆ ಕಟ್ಟೋದು ಒಟ್ಟಿಗೆ ಆಗಲ್ಲ ಅನ್ನುವ ನಿಮ್ಮ ಮಗನ ಮಾತು ಮಾತ್ರ ಒಪ್ಪಲಾರೆ. ಗಾಳಿ ತೆಗೆದ ಗಾಜಿನ ಜಾಡಿಯೊಳಗೆ ಸ್ವಲ್ಪ ನೀರಿಡಿ. ಮೊದಲು ಕುದಿಯುತ್ತದೆ, ಕುದಿಯುತ್ತಾ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ, ಕುದಿಯುತ್ತಲೇ ಐಸ್ ಆಗುತ್ತದೆ. ನನಗಂತೂ ಯಾವ ಸ್ಫೋಟದ ದೃಶ್ಯಕ್ಕಿಂತ ಇದೇ ಜಾಸ್ತಿ ಮಜಾ. ಅವನ ಸೈನ್ಸ್ ಮೇಷ್ಟ್ರಿಗೆ ಹೇಳಿ ನೋಡಿ, ಶಾಲೆಯಲ್ಲಿ ಪಂಪ್ ಇದ್ದರೆ ತೋರಿಸಬಹುದು.

ಸಿನಿಮಾಗಳಲ್ಲಿ ಬಂಡೆಗಳ ನಡುವೆ ನೌಕೆ ಅಡ್ಡಾದಿಡ್ಡಿ ನುಗ್ಗುವ ದೃಶ್ಯವೂ ಸುಮ್ನೆ ಬುರುಡೆ. ಕ್ಷುದ್ರಗ್ರಹಗಳ ನಡುವೆ ಲಕ್ಷಾಂತರ ಕಿ.ಮೀ. ಅಂತರ, ಪಯೊನೀರ್ 10 ನೌಕೆ 1972-73ರಲ್ಲೇ ಆರಾಮಾಗಿ ದಾಟಿತು. ಭಯಪಡಬೇಕಾದ್ದು ನಾವೇ ಮೇಲೆ ಬಿಟ್ಟ ಕಸಕ್ಕೆ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಇರಿಡಿಯಂ ಉಪಗ್ರಹಕ್ಕೆ ರಷ್ಯಾದ ಕೆಟ್ಟು ನಿಂತ ಉಪಗ್ರಹ ಡಿಕ್ಕಿ ಹೊಡೆದು ಎರಡೂ ಚೂರುಚೂರಾದವು. ಸೆಕೆಂಡಿಗೆ ಏಳೆಂಟು ಕಿ.ಮೀ. ವೇಗ, ಮೆಜೆಸ್ಟಿಕ್‌ನಲ್ಲಿ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಯಶವಂತಪುರದ ಹತ್ತಿರ. ಆಚೆ ಪೀಣ್ಯದಲ್ಲಿ ಇಸ್ರೋದವರು ಇಂಥ ಚೂರುಗಳ ಮೇಲೆ ಕಣ್ಣಿಟ್ಟು, ಬೇಕಾದಾಗ ನಮ್ಮ ಉಪಗ್ರಹಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಸದ್ದಿಲ್ಲ, ಬೆಂಕಿಯಿಲ್ಲ, ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ ಹೇಳಿ.

ಇನ್ನೊಂದು ಹೇಳಿಬಿಡುತ್ತೇನೆ. 2013ರ ಜುಲೈನಲ್ಲಿ ಇಟಲಿಯ ಲೂಕಾ ಪರ್ಮಿಟಾನೊ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದಾಗ ಹೆಲ್ಮೆಟ್ಟಿನೊಳಗೆ ನೀರು ಸೋರತೊಡಗಿತು. ಸೂಟನ್ನು ತಂಪಾಗಿಡುವ ನೀರು. ಅಲ್ಲಿ ಅದು ಕೆಳಗೆ ಇಳಿಯುವುದಿಲ್ಲ, ಮುಖಕ್ಕೆ ಅಂಟಿಕೊಳ್ಳುತ್ತದೆ. ಕಣ್ಣು ಮುಚ್ಚಿತು, ಮೂಗು ಮುಚ್ಚಿತು, ಕಿವಿ ಕೇಳಿಸಲಿಲ್ಲ. ನಿಲ್ದಾಣಕ್ಕೆ ಕಟ್ಟಿದ್ದ ಹಗ್ಗದ ಎಳೆತವನ್ನೇ ನಂಬಿ ಬಾಗಿಲವರೆಗೆ ವಾಪಸ್ ಬಂದರು. ಬಾಹ್ಯಾಕಾಶದಲ್ಲಿ ಮುಳುಗಿ ಸಾಯುವ ಹೀರೋ! ಕತೆಯಲ್ಲಿ ಬರೆದು ಕಳಿಸಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಮಗನ ಹೆಸರು ಬರೆಯುವುದನ್ನೇ ಮರೆತಿದ್ದೀರಿ, ಕಳಿಸಿಕೊಡಿ.
- ಸಂ.